ಮತ ಕೇಳದ ಬಾಗಿಲು: ಧಾರಾವಾಹಿಗಳಲ್ಲಿ ಮಹಿಳೆ ಅಧ್ಯಕ್ಷೆಯಾಗುವುದು ಹೇಗೆ?

2024ರ ಅಕ್ಟೋಬರ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಡಿಪ್ಲೊಮ್ಯಾಟ್’ ಧಾರಾವಾಹಿಯ ಎರಡನೇ ಸೀಸನ್ ಬಂತು. ಅದರ ಕೊನೆಯ ಕಂತು ಮುಗಿಯುವ ಹೊತ್ತಿಗೆ ಅಮೆರಿಕದ ಅಧ್ಯಕ್ಷ ರೇಬರ್ನ್ ಸತ್ತು, ಉಪಾಧ್ಯಕ್ಷೆ ಗ್ರೇಸ್ ಪೆನ್ ಅಧ್ಯಕ್ಷೆಯಾಗುತ್ತಾಳೆ. ಐದು ದಿನ ಬಿಟ್ಟು, ನವೆಂಬರ್ 5ರಂದು, ನಿಜವಾದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಡೊನಾಲ್ಡ್ ಟ್ರಂಪ್ ಎದುರು ಸೋತರು. ರಾಜ್ಯವಾರು ಆಯ್ಕೆಯಾಗಿ ಅಧ್ಯಕ್ಷರನ್ನು ಆರಿಸುವವರ ಮಂಡಳಿಯಾದ ಎಲೆಕ್ಟೋರಲ್ ಕಾಲೇಜ್‌ನಲ್ಲಿ ಅವರಿಗೆ ಬಂದದ್ದು 226 ಮತ, ಟ್ರಂಪ್‌ಗೆ 312. ಪರದೆಯ ಮೇಲಿನ ಉಪಾಧ್ಯಕ್ಷೆ ಆ ಸಲ ಯಾರ ಮತವನ್ನೂ ಕೇಳದೆ ಏರಿದ ಕುರ್ಚಿ, ಏಳು ಕೋಟಿಗೂ ಹೆಚ್ಚು ಮತ ಪಡೆದ ನಿಜದ ಉಪಾಧ್ಯಕ್ಷೆಗೆ ಸಿಗಲಿಲ್ಲ.

ಇದು ಒಂದು ಧಾರಾವಾಹಿಯ ಆಯ್ಕೆ ಮಾತ್ರವಲ್ಲ. 2005ರಲ್ಲಿ ಎಬಿಸಿ ವಾಹಿನಿಯ ‘ಕಮಾಂಡರ್ ಇನ್ ಚೀಫ್’ನಲ್ಲಿ ಮ್ಯಾಕೆಂಝಿ ಅಲೆನ್ ಗದ್ದುಗೆ ಏರಿದ್ದು ಅಧ್ಯಕ್ಷ ತೀರಿಕೊಂಡದ್ದರಿಂದ. ‘ಪ್ರಿಸನ್ ಬ್ರೇಕ್’ನ ಕ್ಯಾರೊಲಿನ್ ರೆನಾಲ್ಡ್ಸ್ ಏರಿದ್ದೂ ಅಧ್ಯಕ್ಷನ ಸಾವಿನಿಂದಲೇ, ಅಲ್ಲಿ ಸಾವು ತಂದವಳೂ ಅವಳೇ. ‘ವೀಪ್’ನ ಸೆಲಿನಾ ಮೇಯರ್‌ಗೂ ‘ಹೌಸ್ ಆಫ್ ಕಾರ್ಡ್ಸ್’ನ ಕ್ಲೇರ್ ಅಂಡರ್‌ವುಡ್‌ಗೂ ದಾರಿಯಾದದ್ದು ಅಧ್ಯಕ್ಷರ ರಾಜೀನಾಮೆ. ವಿಜ್ಞಾನ ಕಥೆಯಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲಿ ಶಿಕ್ಷಣ ಖಾತೆಯ ಲಾರಾ ರೋಸ್ಲಿನ್ ಉತ್ತರಾಧಿಕಾರದ ಸಾಲಿನಲ್ಲಿ 43ನೆಯವಳು. ಅವಳಿಗೆ ಸರದಿ ಬರಬೇಕಾದರೆ ಮುಂದಿದ್ದ 42 ಮಂದಿಯೂ ಇಲ್ಲವಾಗಬೇಕಾಯಿತು.

ಹೀಗೆ ಆಗುವುದಕ್ಕೆ ಮೊದಲ ಕಾರಣ ಅಮೆರಿಕದ ಸಂವಿಧಾನದಲ್ಲೇ ಇದೆ. ಜನರ ಬಳಿಗೆ ಹೋಗದೆ, ಬಾಕಿ ಅವಧಿಗೆಲ್ಲ, ಪೂರ್ತಿ ಅಧಿಕಾರದೊಂದಿಗೆ ಅಧ್ಯಕ್ಷರಾಗುವ ಒಂದು ಬಾಗಿಲನ್ನು ಅದು ತೆರೆದಿಟ್ಟಿದೆ. ಆ ಬಾಗಿಲು ಹೇಗೆ ತೆರೆಯುತ್ತದೆ ಎಂಬುದು ತಿಳಿದಿದ್ದರೆ ಈ ಧಾರಾವಾಹಿಗಳು ಎಲ್ಲಿ ಗಟ್ಟಿ, ಎಲ್ಲಿ ಜೊಳ್ಳು ಎಂಬುದು ತಾನಾಗಿ ಕಾಣುತ್ತದೆ.

ಅಮೆರಿಕದ ಇತಿಹಾಸದಲ್ಲಿ ಈವರೆಗೆ 9 ಉಪಾಧ್ಯಕ್ಷರು ಈ ಬಾಗಿಲಿನಿಂದ ಒಳಗೆ ಹೋಗಿದ್ದಾರೆ. 8 ಸಲ ಅಧ್ಯಕ್ಷರ ಸಾವಿನಿಂದ, ಒಂದು ಸಲ ರಾಜೀನಾಮೆಯಿಂದ. ಮೊದಲನೆಯವರು ಜಾನ್ ಟೈಲರ್, 1841ರಲ್ಲಿ. ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರ ವಹಿಸಿಕೊಂಡ ತಿಂಗಳಿಗೇ ತೀರಿಕೊಂಡರು. ಉಪಾಧ್ಯಕ್ಷ ನಿಜವಾಗಿ ಅಧ್ಯಕ್ಷನಾಗುತ್ತಾನೋ, ಅಥವಾ ಅಧ್ಯಕ್ಷನ ಕೆಲಸ ನೋಡಿಕೊಳ್ಳುವ ಹಂಗಾಮಿ ಮಾತ್ರವೋ ಎಂಬುದು ಆಗ ಸಂವಿಧಾನದಲ್ಲಿ ಸ್ಪಷ್ಟವಿರಲಿಲ್ಲ. ‘ನಾನು ಅಧ್ಯಕ್ಷನೇ’ ಎಂದು ಟೈಲರ್ ಪಟ್ಟು ಹಿಡಿದರು. ಅದೇ ರೂಢಿಯಾಯಿತು. ರೂಢಿ ಲಿಖಿತ ನಿಯಮವಾಗಲು 126 ವರ್ಷ ಹಿಡಿಯಿತು: 1967ರ ಫೆಬ್ರವರಿಯಲ್ಲಿ ಜಾರಿಗೆ ಬಂದ 25ನೇ ತಿದ್ದುಪಡಿಯ ಮೊದಲ ಸೆಕ್ಷನ್ ಅದನ್ನೇ ಹೇಳುತ್ತದೆ. ಎರಡನೇ ಸೆಕ್ಷನ್ ಪ್ರಕಾರ ಉಪಾಧ್ಯಕ್ಷ ಹುದ್ದೆ ಖಾಲಿಯಾದರೆ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಎರಡೂ ಸದನಗಳು ಬಹುಮತದಿಂದ ಒಪ್ಪಬೇಕು. ಮೂರನೆಯದು ಅಧ್ಯಕ್ಷರೇ ಪತ್ರ ಬರೆದು ತಾತ್ಕಾಲಿಕವಾಗಿ ಅಧಿಕಾರ ಬಿಟ್ಟುಕೊಡುವುದಕ್ಕೆ. ನಾಲ್ಕನೆಯದು, ಅಧ್ಯಕ್ಷರಿಗೆ ಕೆಲಸ ಮಾಡುವ ಸಾಮರ್ಥ್ಯವಿಲ್ಲ ಎಂದು ಉಪಾಧ್ಯಕ್ಷರೂ ಸಂಪುಟದ ಬಹುಮತವೂ ಸೇರಿ ಘೋಷಿಸುವುದಕ್ಕೆ.

ಧಾರಾವಾಹಿಗಳು ಬಹಳ ಇಷ್ಟಪಡುವ ದೃಶ್ಯ ಪ್ರಮಾಣವಚನದ್ದು. ನಡುರಾತ್ರಿ, ಅವಸರ, ಒಬ್ಬ ನ್ಯಾಯಾಧೀಶ, ಒಂದು ಬೈಬಲ್. ಅಧ್ಯಕ್ಷರು ಸತ್ತ ಕ್ಷಣವೇ ಉಪಾಧ್ಯಕ್ಷರು ಅಧ್ಯಕ್ಷರಾಗಿಬಿಡುತ್ತಾರೆ; ಇಂಗ್ಲಿಷಿನಲ್ಲಿ 35 ಪದಗಳ ಆ ಪ್ರಮಾಣ ಬೇಕಾಗುವುದು ಅಧಿಕಾರ ಚಲಾಯಿಸಲು. ಬೈಬಲ್ ಕಡ್ಡಾಯವಲ್ಲ. ಮುಖ್ಯ ನ್ಯಾಯಮೂರ್ತಿಯೇ ಬೋಧಿಸಬೇಕೆಂದೂ ಇಲ್ಲ. 1923ರ ಆಗಸ್ಟ್ 3ರ ನಸುಕಿಗೆ ಮೊದಲು, ವರ್ಮಾಂಟ್‌ನ ಹಳ್ಳಿಮನೆಯಲ್ಲಿ ಕ್ಯಾಲ್ವಿನ್ ಕೂಲಿಡ್ಜ್‌ಗೆ ಪ್ರಮಾಣ ಬೋಧಿಸಿದವರು ನೋಟರಿಯಾಗಿದ್ದ ಅವರ ತಂದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ನಿಂತಿದ್ದ ವಿಮಾನದೊಳಗೆ ಲಿಂಡನ್ ಜಾನ್ಸನ್‌ಗೆ ಬೋಧಿಸಿದವರು ಜಿಲ್ಲಾ ನ್ಯಾಯಾಧೀಶೆ ಸಾರಾ ಹ್ಯೂಸ್. ಅಮೆರಿಕದ ಅಧ್ಯಕ್ಷರೊಬ್ಬರಿಗೆ ಪ್ರಮಾಣ ಬೋಧಿಸಿದ ಏಕೈಕ ಮಹಿಳೆ ಅವರು.

ಈಗ ‘ಕಮಾಂಡರ್ ಇನ್ ಚೀಫ್’ನ ಮೊದಲ ಕಂತಿಗೆ ಬರೋಣ. ಈ ಜಾತಿಯ ಕಥೆಗಳಿಗೆಲ್ಲ ಅದು ಮಾದರಿ. ಅಧ್ಯಕ್ಷ ಟೆಡ್ಡಿ ಬ್ರಿಜಸ್ ಮೆದುಳಿನ ರಕ್ತಸ್ರಾವದಿಂದ ಮಲಗಿದ್ದಾನೆ. ಉಪಾಧ್ಯಕ್ಷೆ ಮ್ಯಾಕೆಂಝಿ ಅಲೆನ್ (ಜೀನಾ ಡೇವಿಸ್) ಯಾವ ಪಕ್ಷಕ್ಕೂ ಸೇರದ ಸ್ವತಂತ್ರೆ. ಮಹಿಳೆಯರ ಮತ ಸೆಳೆಯಲು ಅವಳನ್ನು ಕಣಕ್ಕಿಳಿಸಲಾಗಿತ್ತು. ಅಧ್ಯಕ್ಷನ ಕಡೆಯವರು ಬಂದು ‘ನೀವು ರಾಜೀನಾಮೆ ಕೊಡಿ, ಸ್ಪೀಕರ್ ಟೆಂಪಲ್ಟನ್ ಅಧ್ಯಕ್ಷರಾಗಲಿ’ ಎನ್ನುತ್ತಾರೆ. ಅವಳೂ ಒಪ್ಪುವ ಹಂತಕ್ಕೆ ಬಂದಿರುತ್ತಾಳೆ. ಆಮೇಲೆ ಟೆಂಪಲ್ಟನ್ ಜೊತೆಗಿನ ಮಾತಿನಲ್ಲಿ, ಹೆಂಗಸರ ಬಗ್ಗೆ ಅವನ ಮನಸ್ಸಿನಲ್ಲಿ ಏನಿದೆ ಎಂಬುದು ಕಂಡು, ರಾಜೀನಾಮೆಯ ಯೋಚನೆ ಬಿಡುತ್ತಾಳೆ.

ನಾಟಕವಾಗಿ ಇದು ಬಲವಾದ ಆರಂಭ. ಆದರೆ ಆ ಬೇಡಿಕೆಯಲ್ಲೊಂದು ದೊಡ್ಡ ಅಪಾಯ ಅಡಗಿದೆ, ಧಾರಾವಾಹಿ ಅದನ್ನು ಬಳಸಿಕೊಳ್ಳಲಿಲ್ಲ. ಅಧ್ಯಕ್ಷ ಬದುಕಿರುವಾಗಲೇ ಉಪಾಧ್ಯಕ್ಷೆ ರಾಜೀನಾಮೆ ಕೊಟ್ಟರೆ ನಾಲ್ಕನೇ ಸೆಕ್ಷನ್ ಕೆಲಸವನ್ನೇ ಮಾಡುವುದಿಲ್ಲ, ಏಕೆಂದರೆ ಅದರ ಪತ್ರಕ್ಕೆ ಉಪಾಧ್ಯಕ್ಷರ ಸಹಿ ಬೇಕೇಬೇಕು. ಮಾತೇ ಹೊರಡದ ಅಧ್ಯಕ್ಷ ಮೂರನೇ ಸೆಕ್ಷನ್‌ನ ಪತ್ರ ಬರೆಯಲಾರ. ಹೊಸ ಉಪಾಧ್ಯಕ್ಷರನ್ನು ಸೂಚಿಸಲೂ ಆರ. ಉಳಿಯುವುದು 1947ರ ಉತ್ತರಾಧಿಕಾರ ಕಾಯ್ದೆ. ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಇಲ್ಲದಾಗ ಪ್ರತಿನಿಧಿ ಸಭೆಯ ಸ್ಪೀಕರ್, ಆಮೇಲೆ ಸೆನೆಟ್‌ನ ಹಿರಿಯ ಪೀಠಾಧಿಕಾರಿ, ಆಮೇಲೆ ಸಂಪುಟ ಎಂದು ಸಾಲು ಕಟ್ಟಿರುವುದು ಅದು. ‘ಅಸಾಮರ್ಥ್ಯ’ ಎಂಬ ಮಾತು ಅದರಲ್ಲಿ ಇದೆ. ಅಸಾಮರ್ಥ್ಯವನ್ನು ತೀರ್ಮಾನಿಸುವವರು ಯಾರು ಎಂಬುದು ಇಲ್ಲ. ಅಂದರೆ ಮ್ಯಾಕೆಂಝಿ ಒಪ್ಪಿ ಸಹಿ ಹಾಕಿದ್ದರೆ, ಅಧ್ಯಕ್ಷನ ಉಸಿರು ನಿಲ್ಲುವವರೆಗೆ ಅಮೆರಿಕದಲ್ಲಿ ಆದೇಶ ಕೊಡುವ ನಿರ್ವಿವಾದ ಅಧಿಕಾರ ಯಾರಿಗೂ ಇರುತ್ತಿರಲಿಲ್ಲ. ‘ಹೆಣ್ಣು ಬೇಡ’ ಎಂಬ ಹಟ ಸರ್ಕಾರವನ್ನೇ ತಲೆಯಿಲ್ಲದಂತೆ ಮಾಡಲು ಹೊರಟಿತ್ತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿದ್ದರೆ, ಅವಳ ‘ಆಗುವುದಿಲ್ಲ’ಕ್ಕೆ ಇನ್ನೂ ಎಷ್ಟು ತೂಕ ಬರುತ್ತಿತ್ತು!

ಸ್ಪೀಕರ್‌ಗೂ ಈ ದಾರಿ ಪುಕ್ಕಟೆಯಲ್ಲ. ಅಧ್ಯಕ್ಷ ಸ್ಥಾನದ ಹೊಣೆ ಹೊರಲು ಸ್ಪೀಕರ್ ಪದವಿಗೂ ಸದನದ ಸದಸ್ಯತ್ವಕ್ಕೂ ಮೊದಲು ರಾಜೀನಾಮೆ ಕೊಡಬೇಕು. ‘ದಿ ವೆಸ್ಟ್ ವಿಂಗ್’ 2003ರಲ್ಲಿ ಇದನ್ನು ಸರಿಯಾಗಿ ತೋರಿಸಿತು: ಮಗಳ ಅಪಹರಣವಾದಾಗ ಅಧ್ಯಕ್ಷ ಬಾರ್ಟ್ಲೆಟ್ ಅಧಿಕಾರ ಬಿಟ್ಟುಕೊಡುತ್ತಾನೆ, ಉಪಾಧ್ಯಕ್ಷ ಹುದ್ದೆ ಖಾಲಿ ಇರುವುದರಿಂದ ವಿರೋಧ ಪಕ್ಷದ ಸ್ಪೀಕರ್ ವಾಕನ್ ರಾಜೀನಾಮೆ ಕೊಟ್ಟು ಹಂಗಾಮಿಯಾಗುತ್ತಾನೆ. ಕೆಲವೇ ದಿನದ ಅಧಿಕಾರಕ್ಕೆ ಒಂದು ಜೀವಮಾನದ ರಾಜಕೀಯ ಸ್ಥಾನವನ್ನು ತೆರಬೇಕಾಗುವ ಈ ಲೆಕ್ಕ ಅದ್ಭುತ ನಾಟಕದ ಸಾಮಗ್ರಿ.

ನಾಲ್ಕನೇ ಸೆಕ್ಷನ್ ನಿಜಜೀವನದಲ್ಲಿ ಒಮ್ಮೆಯೂ ಬಳಕೆಯಾಗಿಲ್ಲ. ಧಾರಾವಾಹಿಗಳಲ್ಲಿ ಮಾತ್ರ ಮಹಿಳೆ ಅಧ್ಯಕ್ಷೆಯಾದೊಡನೆ ಅದು ಹೊರಬರುತ್ತದೆ. ‘ಹೋಮ್‌ಲ್ಯಾಂಡ್’ನಲ್ಲಿ ಎಲಿಜಬೆತ್ ಕೀನ್ ವಿರುದ್ಧ ಬಂತು, ‘ಹೌಸ್ ಆಫ್ ಕಾರ್ಡ್ಸ್’ನ ಕೊನೆಯ ಸೀಸನ್‌ನಲ್ಲಿ ಕ್ಲೇರ್ ವಿರುದ್ಧ ಬಂತು. ಹೆಣ್ಣಿನ ತಲೆ ನೆಟ್ಟಗಿದೆಯೇ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಕಾನೂನಿನ ಉಡುಪು ಸಿಕ್ಕಿದೆ ಎಂಬುದೇ ನನ್ನ ಅನಿಸಿಕೆ, ಮತ್ತು ಅದು ನೋಡುವಾಗ ನೋಯುತ್ತದೆ. ಲೆಕ್ಕ ಹೀಗಿದೆ. ಅಮೆರಿಕದ ಸಂಪುಟದಲ್ಲಿ ಇಲಾಖೆಗಳು 15. ಬಹುಮತಕ್ಕೆ 8 ಕಾರ್ಯದರ್ಶಿಗಳು (ಅಲ್ಲಿ ಮಂತ್ರಿಗಳನ್ನು ಹೀಗೆ ಕರೆಯುತ್ತಾರೆ), ಜೊತೆಗೆ ಉಪಾಧ್ಯಕ್ಷರು. ಅವರ ಪತ್ರ ಸ್ಪೀಕರ್‌ಗೂ ಸೆನೆಟ್‌ನ ಪೀಠಾಧಿಕಾರಿಗೂ ತಲುಪಿದ ಕ್ಷಣವೇ ಅಧಿಕಾರ ಉಪಾಧ್ಯಕ್ಷರ ಕೈಗೆ. ‘ನಾನು ಸರಿಯಾಗಿದ್ದೇನೆ’ ಎಂದು ಅಧ್ಯಕ್ಷರು ಮರುಪತ್ರ ಬರೆದರೆ, ಅದನ್ನು ಅಲ್ಲಗಳೆಯಲು ಉಪಾಧ್ಯಕ್ಷರಿಗೂ ಸಂಪುಟದ ಬಹುಮತಕ್ಕೂ 4 ದಿನ. ಅಲ್ಲಗಳೆದರೆ ಸಂಸತ್ತು 48 ಗಂಟೆಯಲ್ಲಿ ಸೇರಿ 21 ದಿನದೊಳಗೆ ತೀರ್ಮಾನಿಸಬೇಕು. ಅಧ್ಯಕ್ಷರನ್ನು ದೂರವಿಡಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಮಹಾಭಿಯೋಗಕ್ಕಿಂತಲೂ ಕಷ್ಟದ ಲೆಕ್ಕ ಇದು: ಅಲ್ಲಿ ಪ್ರತಿನಿಧಿ ಸಭೆಯಲ್ಲಿ ಸರಳ ಬಹುಮತ ಸಾಕು.

ಕ್ಲೇರ್ ಮಾಡುವುದು ಇಡೀ ಸಂಪುಟವನ್ನು ಕಿತ್ತುಹಾಕಿ ಮಹಿಳೆಯರದ್ದೇ ಹೊಸ ಸಂಪುಟ ಕಟ್ಟುವುದು. ಪತ್ರ ತಲುಪುವ ಮೊದಲು ಕಿತ್ತುಹಾಕಿದರೆ ಅದು ಅವಳ ಅಧಿಕಾರದೊಳಗೇ ಇದೆ. ತಲುಪಿದ ಮೇಲಾದರೆ ಅವಳಿಗೆ ಯಾರನ್ನೂ ಕಿತ್ತುಹಾಕುವ ಅಧಿಕಾರವೇ ಇರುವುದಿಲ್ಲ. ಇನ್ನು ಹೊಸಬರು ಪೂರ್ಣ ಪ್ರಮಾಣದ ಕಾರ್ಯದರ್ಶಿಗಳಾಗಲು ಸೆನೆಟ್ ಒಪ್ಪಬೇಕು. ಅಲ್ಲಿಯತನಕ ಕೂರುವ ಹಂಗಾಮಿಗಳ ಸಹಿ ನಾಲ್ಕನೇ ಸೆಕ್ಷನ್‌ಗೆ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಯಾವ ನ್ಯಾಯಾಲಯವೂ ಇನ್ನೂ ತೀರ್ಮಾನಿಸಿಲ್ಲ.

ಇಂಥ ಕಥೆ ಅತಿಯಾಯಿತು ಎನಿಸಿದರೆ ಮಲಾವಿಯತ್ತ ನೋಡಬೇಕು. ಆಫ್ರಿಕಾದ ಆ ದೇಶದಲ್ಲಿ 2009ರಲ್ಲಿ ಜಾಯ್ಸ್ ಬಾಂಡಾ ಉಪಾಧ್ಯಕ್ಷೆಯಾಗಿ ಗೆದ್ದರು. ಅಧ್ಯಕ್ಷ ಬಿಂಗು ವಾ ಮುತಾರಿಕಾ ತನ್ನ ನಂತರ ತಮ್ಮ ಪೀಟರ್‌ನನ್ನು ತರಲು ಹೊರಟಾಗ ಬಾಂಡಾ ಒಪ್ಪಲಿಲ್ಲ. ಪಕ್ಷ ಅವರನ್ನು ಹೊರಹಾಕಿತು, ಅವರು ಬೇರೆ ಪಕ್ಷ ಕಟ್ಟಿದರು. ಆದರೆ ಅಧ್ಯಕ್ಷರ ಜೊತೆಯಲ್ಲೇ ಜನರಿಂದ ಆಯ್ಕೆಯಾದವರಾದ್ದರಿಂದ ಉಪಾಧ್ಯಕ್ಷ ಹುದ್ದೆಯಿಂದ ತೆಗೆಯಲಾಗಲಿಲ್ಲ. 2012ರ ಏಪ್ರಿಲ್ 5ರಂದು ಮುತಾರಿಕಾ ಹೃದಯಾಘಾತದಿಂದ ತೀರಿಕೊಂಡರು. ಸಾವನ್ನು ಎರಡು ದಿನ ಅಧಿಕೃತವಾಗಿ ಹೇಳಲಿಲ್ಲ. ಪಾರ್ಥಿವ ಶರೀರವನ್ನು ಚಿಕಿತ್ಸೆಯ ಹೆಸರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಒಯ್ದರು. ಆರು ಜನ ಮಂತ್ರಿಗಳು ನಡುರಾತ್ರಿ ಪತ್ರಿಕಾಗೋಷ್ಠಿ ಕರೆದು, ಬೇರೆ ಪಕ್ಷ ಕಟ್ಟಿದವರು ಅಧ್ಯಕ್ಷೆಯಾಗುವಂತಿಲ್ಲ ಎಂದರು. ಸೇನೆಯ ಮುಖ್ಯಸ್ಥರು ಸಂವಿಧಾನದ ಕಡೆ ನಿಂತು ಬಾಂಡಾ ಅವರ ಮನೆಗೆ ಕಾವಲು ಹಾಕಿದರು. ಏಪ್ರಿಲ್ 7ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ‘ಕಮಾಂಡರ್ ಇನ್ ಚೀಫ್’ನ ಮೊದಲ ಕಂತು ಏಳು ವರ್ಷದ ನಂತರ ಹೆಚ್ಚು ಕಡಿಮೆ ಹಾಗೇ ನಡೆದುಹೋಯಿತು. ಎರಡು ವರ್ಷದ ಬಳಿಕ ಚುನಾವಣೆಯಲ್ಲಿ ಬಾಂಡಾ ಮೂರನೇ ಸ್ಥಾನಕ್ಕಿಳಿದರು. ಗೆದ್ದವರು ಅದೇ ಪೀಟರ್ ಮುತಾರಿಕಾ. ತಾಂಜಾನಿಯಾದಲ್ಲಿ 2021ರ ಮಾರ್ಚ್‌ನಲ್ಲಿ ಸಾಮಿಯಾ ಸುಲುಹು ಹಸನ್ ಅಧ್ಯಕ್ಷೆಯಾದದ್ದೂ ಜಾನ್ ಮಗುಫುಲಿ ಅವರ ಸಾವಿನಿಂದ ತೆರೆದ ಇದೇ ಬಾಗಿಲಿನಿಂದ.

ಅಮೆರಿಕದಲ್ಲಿ ಈ ಬಾಗಿಲು ಮಹಿಳೆಗೆ ತೆರೆದದ್ದು 85 ನಿಮಿಷ. 2021ರ ನವೆಂಬರ್ 19ರಂದು ಜೋ ಬೈಡನ್ ಕರುಳಿನ ಪರೀಕ್ಷೆಗಾಗಿ ಅರಿವಳಿಕೆ ಪಡೆಯುವ ಮುನ್ನ ಮೂರನೇ ಸೆಕ್ಷನ್‌ನ ಪತ್ರಕ್ಕೆ ಸಹಿ ಹಾಕಿದರು. ಬೆಳಿಗ್ಗೆ 10.10ರಿಂದ 11.35ರವರೆಗೆ ಕಮಲಾ ಹ್ಯಾರಿಸ್ ಹಂಗಾಮಿ ಅಧ್ಯಕ್ಷೆ.

ಬೇರೆ ದೇಶಗಳ ಧಾರಾವಾಹಿ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ, ಏಕೆಂದರೆ ಸಂವಿಧಾನ ಬದಲಾದಂತೆ ಕಥೆಯೂ ಬದಲಾಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಉಪಾಧ್ಯಕ್ಷ ಹುದ್ದೆಯೇ ಇಲ್ಲ. ಅಧ್ಯಕ್ಷ ಸ್ಥಾನ ತೆರವಾದರೆ ಪ್ರಧಾನಿ ಹಂಗಾಮಿ, 60 ದಿನದೊಳಗೆ ಚುನಾವಣೆ. ಹಾಗಾಗಿ ಎಸ್‌ಬಿಎಸ್ ವಾಹಿನಿಯ ‘ಡೇಮುಲ್’ (2010) ತನ್ನ ನಾಯಕಿ ಸೋ ಹ್ಯೆ-ರಿಮ್‌ಳನ್ನು ಜನರ ಮುಂದೆ ನಿಲ್ಲಿಸಲೇಬೇಕಾಯಿತು. ಟಿವಿ ನಿರೂಪಕಿ, ಆಫ್ಘಾನಿಸ್ತಾನದಲ್ಲಿ ಗಂಡನನ್ನು ಕಳೆದುಕೊಂಡವಳು, ಮೊದಲು ಸಂಸತ್ ಸದಸ್ಯೆ, ಆಮೇಲೆ ಪ್ರಾಂತ್ಯದ ಗವರ್ನರ್, ಆಮೇಲೆ ಅಧ್ಯಕ್ಷೆ: ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾಳೆ. ಎರಡು ವರ್ಷ ಕಳೆದು 2012ರ ಡಿಸೆಂಬರ್‌ನಲ್ಲಿ ಪಾರ್ಕ್ ಗುನ್-ಹೇ ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಆಯ್ಕೆಯಾದರು. ಡೆನ್ಮಾರ್ಕ್‌ನ ‘ಬೋರ್ಗನ್’ನಲ್ಲಿ ಇಡೀ ಉಸಿರು ಸಂಖ್ಯೆಯದು: 179 ಸದಸ್ಯರ ಸಂಸತ್ತಿನಲ್ಲಿ 90 ತಲುಪಬೇಕು. ಬಿರ್ಗಿಟ್ಟ ನ್ಯೂಬೋರ್ಗ್ ಪ್ರಧಾನಿಯಾಗುವುದು ಮಿತ್ರಪಕ್ಷಗಳ ಜೊತೆ ಖಾತೆಗಳ ಚೌಕಾಸಿ ಮಾಡಿ. ನನ್ನ ಮಟ್ಟಿಗೆ ಮಹಿಳೆ ಅಧಿಕಾರಕ್ಕೇರುವ ಕಥೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದು, ಅವಳು ಗೆದ್ದದ್ದನ್ನು ಹೇಗೆ ಗೆದ್ದಳು ಎಂದು ಕಣ್ಣಾರೆ ಕಾಣುತ್ತದೆ.

ನಮ್ಮ ಸಂವಿಧಾನ ಮತ್ತೊಂದು ಬಗೆ. ರಾಷ್ಟ್ರಪತಿ ತೀರಿಕೊಂಡರೆ 65ನೇ ವಿಧಿಯಂತೆ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳುತ್ತಾರೆ, ಆದರೆ ರಾಷ್ಟ್ರಪತಿ ಆಗುವುದಿಲ್ಲ; ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಈ ವಿಧಿಯಡಿ ದೇಶದ ಉನ್ನತ ಹುದ್ದೆಯ ಹೊಣೆ ಹೊತ್ತವರು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗಿನಿಂದ ಜುಲೈ 25ರವರೆಗೆ, ಅಂದರೆ ಐದೂವರೆ ತಿಂಗಳು, ಅವರು ಹಂಗಾಮಿ ರಾಷ್ಟ್ರಪತಿ. ಅದೇ ಅಮೆರಿಕವಾಗಿದ್ದರೆ ಜತ್ತಿಯವರು 1979ರವರೆಗೆ ಪೂರ್ಣ ಅಧ್ಯಕ್ಷರಾಗಿ ಉಳಿಯುತ್ತಿದ್ದರು. ಚುನಾವಣೆಯೂ ನಮ್ಮಲ್ಲಿ ಜನರ ನೇರ ಮತದ್ದಲ್ಲ. 2022ರಲ್ಲಿ ದ್ರೌಪದಿ ಮುರ್ಮು ಆಯ್ಕೆಯಾದಾಗ ಸಂಸದರೊಬ್ಬರ ಮತದ ಮೌಲ್ಯ 700, ಕರ್ನಾಟಕದ ಶಾಸಕರೊಬ್ಬರದು 131. ಎಂತಹ ತಿರುವುಮುರುವು ನೋಡಿ: ಭಾರತಕ್ಕೆ ಇಬ್ಬರು ಮಹಿಳಾ ರಾಷ್ಟ್ರಪತಿಗಳು ಬಂದಿದ್ದಾರೆ, ಮಹಿಳಾ ಉಪರಾಷ್ಟ್ರಪತಿ ಒಬ್ಬರೂ ಇಲ್ಲ. 2022ರಲ್ಲಿ ಆ ಹುದ್ದೆಗೆ ನಿಂತ ಮಂಗಳೂರಿನ ಮಾರ್ಗರೆಟ್ ಆಳ್ವ 182 ಮತ ಪಡೆದು ಸೋತರು. ಅಮೆರಿಕಕ್ಕೆ ಮಹಿಳಾ ಉಪಾಧ್ಯಕ್ಷೆ ಬಂದರು, ಅಧ್ಯಕ್ಷೆ ಇನ್ನೂ ಇಲ್ಲ.

ಬಾಗಿಲು ಇದೆ ಎಂದಮಾತ್ರಕ್ಕೆ ಕಥೆಗಾರರು ಅದರಿಂದಲೇ ಹೋಗಬೇಕಿಲ್ಲ. ಹೋಗುವುದಕ್ಕೆ ಕಸುಬಿನ ಕಾರಣಗಳೂ ಇವೆ. ಜಾಹೀರಾತು ಕಳೆದರೆ ಮೊದಲ ಕಂತಿಗೆ ಸಿಗುವುದು ಮುಕ್ಕಾಲು ಗಂಟೆಗೂ ಕಡಿಮೆ; ಅಷ್ಟರಲ್ಲಿ ನಾಯಕಿ ಕುರ್ಚಿಯಲ್ಲಿ ಕೂತಿರಬೇಕು. ಸಾವು ಆ ಕೆಲಸವನ್ನು ಒಂದೇ ದೃಶ್ಯದಲ್ಲಿ ಮುಗಿಸುತ್ತದೆ. ಎರಡನೆಯದು ಪಕ್ಷದ ತೊಡಕು. ಚುನಾವಣೆಗೆ ನಿಲ್ಲಿಸಿದರೆ ಡೆಮಾಕ್ರಟಿಕ್ ಇಲ್ಲವೆ ರಿಪಬ್ಲಿಕನ್ ಎನ್ನಬೇಕು, ಅರ್ಧ ವೀಕ್ಷಕರು ಮುಖ ತಿರುಗಿಸುತ್ತಾರೆ. ಮ್ಯಾಕೆಂಝಿ ಸ್ವತಂತ್ರೆಯಾದದ್ದು ಇದಕ್ಕೆ ಚೆನ್ನಾಗಿ ಒದಗಿಬಂತು. ಆದರೆ ಇದಕ್ಕೆ ತೆರುವ ಬೆಲೆ ದೊಡ್ಡದು. ಮತ ಪಡೆಯದೆ ಬಂದವಳ ಕಥೆ ‘ಇವಳಿಗೆ ಇಲ್ಲಿ ಕೂರುವ ಹಕ್ಕಿದೆಯೇ’ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗತೊಡಗುತ್ತದೆ. ಪ್ರತಿ ಕಂತಿನಲ್ಲೂ ಒಂದು ಬಿಕ್ಕಟ್ಟು, ಪ್ರತಿ ಬಿಕ್ಕಟ್ಟಿನಲ್ಲೂ ಅವಳಿಗೊಂದು ಪರೀಕ್ಷೆ. ಅವಳ ನೀತಿ ಏನು, ಯಾವ ಕಾನೂನು ತರಲು ಬಂದಳು ಎಂಬುದು ಹಿಂದೆ ಬೀಳುತ್ತದೆ.

‘ಕಮಾಂಡರ್ ಇನ್ ಚೀಫ್’ನ ಗತಿ ಇದಕ್ಕೆ ಸಾಕ್ಷಿ, ಅದರ ಜೊತೆಗೆ ನಿರ್ಮಾಣದ ಗೊಂದಲವೂ ಸೇರಿತು. 2005ರ ಸೆಪ್ಟೆಂಬರ್ 27ರ ಮೊದಲ ಕಂತನ್ನು ನೋಡಿದವರು ಸುಮಾರು 1.6 ಕೋಟಿ. ಸ್ಕ್ರಿಪ್ಟ್‌ಗಳು ತಡವಾಗತೊಡಗಿದವು, ಕೆಲವೇ ವಾರದಲ್ಲಿ ಸೃಷ್ಟಿಕರ್ತ ರಾಡ್ ಲೂರಿ ಅವರನ್ನು ಬದಿಗಿಟ್ಟು ಸ್ಟೀವನ್ ಬೋಚ್ಕೊ ಅವರನ್ನು ತಂದರು. ಅವರೂ ಹೋಗಿ ಡೀ ಜಾನ್ಸನ್ ಬಂದರು. ಒಂದೇ ಸೀಸನ್‌ಗೆ ಮೂರು ಚುಕ್ಕಾಣಿ. ಕೈ ಬದಲಾದಂತೆ ಕಥೆಯ ಧಾಟಿಯೂ ಬದಲಾಯಿತು. ಜನವರಿಯಲ್ಲಿ ಜೀನಾ ಡೇವಿಸ್‌ಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು, ಅದೇ ತಿಂಗಳು ಮಂಗಳವಾರದ ವೇಳೆಯಲ್ಲಿ ‘ಅಮೆರಿಕನ್ ಐಡಲ್’ ಬೆನ್ನಿಗೇ ಬರುತ್ತಿದ್ದ ‘ಹೌಸ್’ ಎದುರು ವೀಕ್ಷಕರು ಕರಗಿದರು. ವಾರಗಟ್ಟಲೆ ಪ್ರಸಾರ ನಿಲ್ಲಿಸಿ, ಏಪ್ರಿಲ್‌ನಲ್ಲಿ ಗುರುವಾರಕ್ಕೆ ಸಾಗಿಸಿದರು. ಧಾರಾವಾಹಿಯ ದಿನ ಬದಲಿಸಿದರೆ ರೂಢಿಯ ಪ್ರೇಕ್ಷಕರು ತಪ್ಪಿಹೋಗುತ್ತಾರೆ. ಮೇ ತಿಂಗಳಲ್ಲಿ ರದ್ದಾಯಿತು. ಒಟ್ಟು 18 ಕಂತು. ಅಮೆರಿಕದ ಸೋಲಿನ ಪಟ್ಟಿಯಲ್ಲಿ ‘ಜನ ಮಹಿಳಾ ಅಧ್ಯಕ್ಷೆಯನ್ನು ಒಪ್ಪಲಿಲ್ಲ’ ಎಂದು ಇದನ್ನು ಬರೆದಿಡುವುದು ಅನ್ಯಾಯ.

ಹಾಗಾದರೆ ಚುನಾವಣೆಯಲ್ಲಿ ಗೆದ್ದು ಬಂದವರು? ಇದ್ದಾರೆ. ಆದರೆ ಅವರ ಚುನಾವಣೆ ಎಲ್ಲಿ ನಡೆಯಿತು ಎಂದು ಹುಡುಕಿದರೆ ಬೇರೊಂದು ಸಂಗತಿ ಸಿಗುತ್ತದೆ. ‘24’ರಲ್ಲಿ ಆಲಿಸನ್ ಟೇಲರ್ ಕಥೆಗೆ ಬರುವಾಗಲೇ ಗೆದ್ದಿದ್ದಾಳೆ. ‘ಹೋಮ್‌ಲ್ಯಾಂಡ್’ನ ಆರನೇ ಸೀಸನ್ 2017ರ ಜನವರಿಯಲ್ಲಿ ಶುರುವಾಗುವಾಗ ಎಲಿಜಬೆತ್ ಕೀನ್ ಚುನಾಯಿತಳಾಗಿ ಪದಗ್ರಹಣಕ್ಕೆ ಕಾಯುತ್ತಿದ್ದಾಳೆ. ‘ಮೇಡಂ ಸೆಕ್ರೆಟರಿ’ಯ ಐದನೇ ಸೀಸನ್ ಮುಗಿಯುವುದು ಎಲಿಜಬೆತ್ ಮೆಕಾರ್ಡ್ ‘ನಾನು ನಿಲ್ಲುತ್ತೇನೆ’ ಎಂದಾಗ. 2019ರ ಅಕ್ಟೋಬರ್‌ನಲ್ಲಿ ಆರನೆಯದು ತೆರೆಯುವಾಗ ಅವಳು ಅಧ್ಯಕ್ಷೆಯಾಗಿ ಆಗಲೇ ತಿಂಗಳುಗಳಾಗಿವೆ. ಎರಡು ಸೀಸನ್‌ಗಳ ನಡುವಿನ ಖಾಲಿ ಜಾಗದಲ್ಲಿ ಇಡೀ ಪ್ರಚಾರ ಕಳೆದುಹೋಗಿದೆ. ಪ್ರಚಾರವನ್ನು ತೋರಿಸಿದ ‘ಸ್ಕ್ಯಾಂಡಲ್’ನಲ್ಲಿ ಮೆಲಿ ಗ್ರಾಂಟ್ ಸೋಲುತ್ತಾಳೆ, ಗೆದ್ದವನು ಅದೇ ರಾತ್ರಿ ಕೊಲೆಯಾದದ್ದರಿಂದ ಅವಳಿಗೆ ದಾರಿ. ‘ವೀಪ್’ ಇನ್ನೂ ಮುಂದೆ ಹೋಗುತ್ತದೆ. ಎಲೆಕ್ಟೋರಲ್ ಕಾಲೇಜ್‌ನಲ್ಲಿ 269–269 ಸಮ. ಆಗ ಪ್ರತಿನಿಧಿ ಸಭೆಯಲ್ಲಿ ರಾಜ್ಯಕ್ಕೊಂದು ಮತ, ಗೆಲ್ಲಲು 26. ಯಾರಿಗೂ ಸಿಗದೆ, ಸೆನೆಟ್ ಆರಿಸಿದ ಉಪಾಧ್ಯಕ್ಷೆ ಲಾರಾ ಮೊಂಟೆಜ್ ಗದ್ದುಗೆಗೆ ಏರುತ್ತಾಳೆ. 20ನೇ ತಿದ್ದುಪಡಿಯ ಪ್ರಕಾರ ಅವಳು ಪ್ರತಿನಿಧಿ ಸಭೆ ಯಾರನ್ನಾದರೂ ಆರಿಸುವವರೆಗಿನ ಹಂಗಾಮಿ ಮಾತ್ರ. ಧಾರಾವಾಹಿ ಅದನ್ನು ಪೂರ್ಣಾವಧಿಯೆಂದೇ ನಡೆಸುತ್ತದೆ.

ಕೊರತೆ ಇರುವುದು ಸಾಮಗ್ರಿಗಲ್ಲ. ಬ್ರೂಕ್ಲಿನ್‌ನ ಶರ್ಲಿ ಚಿಸಮ್ 1972ರ ಜನವರಿ 25ರಂದು ಡೆಮಾಕ್ರಟಿಕ್ ಅಭ್ಯರ್ಥಿತನಕ್ಕೆ ಸ್ಪರ್ಧೆ ಘೋಷಿಸಿದರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ಹಣವಿರಲಿಲ್ಲ. ಟಿವಿ ಚರ್ಚೆಗಳಿಂದ ಹೊರಗಿಟ್ಟರು, ಅವರು ದೂರು ಕೊಟ್ಟು ಪ್ರಸಾರದ ಸಮಯ ಪಡೆದರು. ವರ್ಣಭೇದದ ಪರ ನಿಂತಿದ್ದ ಎದುರಾಳಿ ಜಾರ್ಜ್ ವಾಲೆಸ್‌ಗೆ ಮೇ ತಿಂಗಳಲ್ಲಿ ಗುಂಡು ತಗುಲಿದಾಗ ಆಸ್ಪತ್ರೆಗೆ ಹೋಗಿ ನೋಡಿ ಬಂದರು. ಅದಕ್ಕೆ ಸ್ವಂತ ಬೆಂಬಲಿಗರೇ ಸಿಟ್ಟಾದರು. ಜುಲೈನಲ್ಲಿ ಮಯಾಮಿ ಬೀಚ್‌ನ ಪಕ್ಷದ ಸಮಾವೇಶದಲ್ಲಿ ಅವರಿಗೆ 152 ಪ್ರತಿನಿಧಿಗಳ ಮತ ಬಿತ್ತು. ಒಂದು ಸೀಸನ್‌ಗೆ ಬೇಕಾದಷ್ಟು ಕಥೆ ಆ ಆರು ತಿಂಗಳಲ್ಲೇ ಇದೆ, ಅದರಲ್ಲಿ ಯಾವ ಅಧ್ಯಕ್ಷನೂ ಸಾಯಬೇಕಾಗಿಲ್ಲ.